ಹಿತ್ತಿಲ ಹಿರೀಕರು

ಹಿತ್ತಿಲನ್ನು ಮಾರೋಣವೆಂದು ಮೊದಲು ಬಾಯಿಬಿಟ್ಟವರು ಯಾರು ಎಂಬ ವಿಷಯದಲ್ಲಿ ಆ ಮನೆಯವರಿಗೆ ಇಂದಿಗೂ ಒಮ್ಮತವಿಲ್ಲ. ತಂಗಿ ಪಾಲು ಕೇಳಿದ್ದಕ್ಕೇ ಮಾರಬೇಕಾಯಿತು ಎಂದು ನಂದಕುಮಾರ್ ಹೇಳುತ್ತಾನೆ. ತಾನು ಕೇಳಿದ್ದು ಪಾಲೇ ಹೊರತು ಮಾರಾಟವಲ್ಲ ಎಂದು ಯಡಿಯೂರಿಗೆ ಕೊಟ್ಟಿರುವ ತಂಗಿ ಅರ್ಪಿತ ಹೇಳುತ್ತಾಳೆ. ತನ್ನನ್ನು ಯಾರೂ ಯಾವ ಮಾತೂ ಕೇಳಲಿಲ್ಲ ಎಂಬುದು ಸೊಸೆ ಸೌಮ್ಯಳ ದೂರು. ತಾಯಿ ಮಂಗಮ್ಮ ಈ ಮೂವರನ್ನೂ ನಂಬುವುದಿಲ್ಲ. ಯಜಮಾನರು ಬದುಕಿದ್ದರೆ ಆ ಮಾತು ಹೊಸಿಲು ದಾಟುತ್ತಿರಲಿಲ್ಲ ಎನ್ನುವುದೊಂದೇ ಅವಳಿಗೆ ಗೊತ್ತು.

ಯಜಮಾನ ಚಿಕ್ಕಬೈರಪ್ಪ ಪುಷ್ಯ ಮಾಸದಲ್ಲಿ ತೀರಿಕೊಂಡಿದ್ದರು. ಸಾರಕ್ಕಿಯ ಹಳೆಯ ಒಕ್ಕಲು ಮನೆ ಅದು. ಹೊಲಗಳೆಲ್ಲ ಮಾರಾಟವಾಗಿ ಬಡಾವಣೆಗೆ ಸೇರಿ, ಅವುಗಳ ಮೇಲೆ ಈಗ ಜೆ.ಪಿ. ನಗರದ ಮಹಡಿಮನೆಗಳು ನಿಂತಿವೆ. ಉಳಿದದ್ದು ಬೀದಿಗೆ ಮುಖವಾದ ಮನೆ, ಅದರ ಮೇಲೆ ಬಾಡಿಗೆಯ ಎರಡು ಭಾಗ, ಹಿಂದೆ ಮೊದಲು ದನ ಕಟ್ಟುತ್ತಿದ್ದ ಹಿತ್ತಿಲು. ಹಿತ್ತಿಲಿಗೆ ಹಿಂದಿನ ರಸ್ತೆಯಿಂದಲೂ ದಾರಿಯಿತ್ತು. ಆದ್ದರಿಂದಲೇ ಅದಕ್ಕೆ ಬೆಲೆ ಬಂತು.

ಆ ಹಿತ್ತಿಲ ಮೂಲೆಯ ಬೇವಿನ ಮರದ ಕೆಳಗೆ ಹಿರೀಕರ ಕಲ್ಲುಗಳಿದ್ದವು. ಆ ಮನೆಯಲ್ಲಿ ಯಾರು ತೀರಿಕೊಂಡರೂ ಹನ್ನೊಂದನೆಯ ದಿನ ಹಿರಿಯ ಮಗ ಕೆರೆಯ ಅಂಚಿಗೆ ಹೋಗಿ ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕಲ್ಲು ತರಬೇಕು. ಅದನ್ನು ತೊಳೆದು ಮನೆಯೊಳಗೆ ಇಟ್ಟುಕೊಂಡಿದ್ದು, ಮುಂದೆ ಬರುವ ಮಹಾಲಯ ಅಮಾವಾಸ್ಯೆಯ ದಿನ ಬೇವಿನ ಬುಡದ ಸಾಲಿನಲ್ಲಿ ಹೂತು ಎಡೆ ಇಡಬೇಕು. ಅಲ್ಲಿಯವರೆಗೆ ಸತ್ತವರು ಹಿರೀಕರ ಜೊತೆ ಕೂಡಿದ ಹಾಗಲ್ಲ. ದಾರಿಯಲ್ಲೇ ಇದ್ದ ಹಾಗೆ. ನಂದಕುಮಾರ್ ಸಾರಕ್ಕಿ ಕೆರೆಯ ಬೇಲಿ ದಾಟಿ, ಕಾವಲುಗಾರನಿಂದ ಬೈಸಿಕೊಂಡು ತಂದ ಕಲ್ಲು ದೇವರ ಗೂಡಿನ ಕೆಳಗೆ ಹಿತ್ತಾಳೆ ತಟ್ಟೆಯಲ್ಲಿ ಕಾಯುತ್ತಿತ್ತು. ಮಂಗಮ್ಮ ದಿನವೂ ಅದಕ್ಕೊಂದು ಹೂ ಇಟ್ಟು, "ಇನ್ನು ಸ್ವಲ್ಪ ದಿನ ಕಣಪ್ಪ" ಎಂದು ಹೇಳುತ್ತಿದ್ದಳು.

ಶ್ರಾವಣದಲ್ಲಿ ಗಿರಾಕಿ ಸಿಕ್ಕಿದ. ಕೈಲಾಸ್ ಎಂದು ಹೆಸರು. ಮಡಿವಾಳದಲ್ಲಿ ಟೈಲ್ಸ್ ಮತ್ತು ಗ್ರಾನೈಟ್ ವ್ಯಾಪಾರ. ಜಾಗ ನೋಡಲು ಬಂದಾಗ ಚಪ್ಪಲಿ ಬಿಟ್ಟು ಬೇವಿನ ಬುಡಕ್ಕೆ ಕೈಮುಗಿದ.

"ಇದು ನಮ್ಮ ಹಿರೀಕರ ಜಾಗ" ಎಂದಳು ಮಂಗಮ್ಮ. "ವರ್ಷಕ್ಕೊಂದು ಸಲ ಎಡೆ ಇಡಬೇಕು. ಈ ವರ್ಷ ನಮ್ಮ ಯಜಮಾನ್ರನ್ನ ಸೇರಿಸಬೇಕು."

"ಅಯ್ಯೋ, ಅದಕ್ಕೇನಮ್ಮಾ! ನಿಮ್ಮ ಮನೆ ಅಂದ್ಕೊಂಡು ಬನ್ನಿ. ದೇವರ ವಿಷಯದಲ್ಲಿ ನಾನು ಅಡ್ಡ ಬರೋನಲ್ಲ."

ಮಂಗಮ್ಮನಿಗೆ ಅವನ ಮಾತು ಹಿಡಿಸಿತು. ಆದರೆ ಅವನು ಹೋದ ಮೇಲೆ, "ಬಾಯಿ ತುಂಬ ಅಮ್ಮಾ ಅಂತಾನೆ. ಇಷ್ಟು ಸಲ ನನ್ನ ಹೊಟ್ಟೇಲಿ ಹುಟ್ಟಿದವರೂ ಅನ್ನಲ್ಲ" ಎಂದಳು.

ಕ್ರಯಪತ್ರದ ಕರಡನ್ನು ಜಯನಗರದ ಸೇತುರಾಮ ವಕೀಲರು ಬರೆದುಕೊಟ್ಟರು. ಚಿಕ್ಕಬೈರಪ್ಪನವರ ಕಾಲದಿಂದಲೂ ಮನೆಯ ಕಾಗದಪತ್ರ ನೋಡುತ್ತಿದ್ದವರು ಅವರೇ. ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕುಳಿತಿದ್ದಾಗ ಮೊಮ್ಮಗಳು ಬಿಂದುಶ್ರೀ ಅದನ್ನು ಓದಿದಳು. ಬಿ.ಕಾಂ. ಓದುತ್ತಿದ್ದ ಹುಡುಗಿ, ಮುದ್ದೆ ಮುಟ್ಟುವುದಿಲ್ಲ, ಅನ್ನ ಬೇಗ ಮುಗಿದಿತ್ತು.

"ನಿಧಿ, ನಿಕ್ಷೇಪ, ಜಲ, ತರು, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಸಹಿತ ಸಕಲ ಹಕ್ಕುಗಳೊಡನೆ..." ಎಂದು ಓದಿ, "ಅಪ್ಪಾ, ಏನಿದು? ಶ್ಲೋಕಾನಾ?" ಎಂದಳು.

"ಎಲ್ಲಾ ಪತ್ರದಲ್ಲೂ ಇರುತ್ತೆ. ಮುಂದೆ ಓದು."

ಮಂಗಮ್ಮ ತುತ್ತು ನಿಲ್ಲಿಸಿ ಆ ಮಾತುಗಳಿಗೆ ಎಡಗೈಯನ್ನು ಎದೆಗೆ ಮುಟ್ಟಿಸಿಕೊಂಡಳು. ಮಾರುವ ಕಾಗದವಾದರೂ ಮಂತ್ರದ ಹಾಗೆ ಆರಂಭವಾಯಿತಲ್ಲ ಎಂದು ಸಮಾಧಾನವಾಯಿತು. ಆಮೇಲೆ ಬಿಂದುಶ್ರೀ ಇನ್ನೊಂದು ಸಾಲು ಓದಿದಳು: ಸದರಿ ಸ್ವತ್ತಿನ ಮೂಲೆಯಲ್ಲಿರುವ ಹಿರೀಕರ ಕಲ್ಲುಗಳು, ಬೇವಿನ ಮರ ಮತ್ತು ಅಲ್ಲಿಗೆ ಹೋಗಿಬರಲು ಮೂರು ಅಡಿ ದಾರಿಯನ್ನು ಮಾರಾಟಗಾರರು ತಮಗೇ ಉಳಿಸಿಕೊಂಡಿರುತ್ತಾರೆ.

"ಏನಂದೆ?" ಮಂಗಮ್ಮ ಕೈ ಒದರಿದಳು. "ಮಾರೋ ಕಾಗದದಲ್ಲಿ ಹಿರೀಕರ ಹೆಸರಾ?"

"ಮಾರಲ್ಲ ಅಂತಾನೇ ಅಜ್ಜಿ ಬರ್ದಿರೋದು."

"ಏನಂತಾದ್ರೂ ಬರೀಲಿ! ದನ ಮಾರೋ ಚೀಟೀಲಿ ಮನೆ ಮಕ್ಕಳ ಹೆಸರು ಬರೀತಾರಾ? ಅವನು ಅಷ್ಟು ಅಡಿ, ಇವನು ಇಷ್ಟು ಅಡಿ ಅಂತ ಬರೆಯೋ ಕಡೆ ನಮ್ಮತ್ತೆ ಮಾವನ್ನ ಕೂರಿಸ್ತೀರಾ? ತೆಗೆಸು ಅದನ್ನ, ನಂದ. ಆ ಸಾಲು ಇದ್ರೆ ನಾನು ಸಹಿ ಹಾಕಲ್ಲ."

ಸೌಮ್ಯ ಸಾರು ಬಡಿಸುತ್ತಿದ್ದವಳು ಗಂಡನ ಮುಖ ನೋಡಿದಳು. ನಂದಕುಮಾರ್ ಶಾಮಿಯಾನ ಮತ್ತು ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದವನು. ಒಂದು ಚಮಚ ಕಡಿಮೆ ಬಂದರೂ ಗಿರಾಕಿಯ ಜೊತೆ ಅರ್ಧ ಗಂಟೆ ವಾದ ಮಾಡುವವನು. ಈಗ ತಲೆ ಎತ್ತದೆ, "ಆಯ್ತು ಬಿಡವ್ವ, ತೆಗೆಸ್ತೀನಿ" ಎಂದ.

ಮಗ ಇಷ್ಟು ಬೇಗ ಒಪ್ಪಿದ್ದು ಮಂಗಮ್ಮನಿಗೆ ಸಂತೋಷವೇ ಆಯಿತು.

ಮುಂದಿನ ವಾರ ಸಾಲು ಹೋಯಿತು, ಸಹಿ ಆಯಿತು. ತಾಯಿ, ಮಗ, ಮಗಳು ಮೂವರೂ ನೋಂದಣಿ ಕಚೇರಿಯಲ್ಲಿ ಫೋಟೋ ತೆಗೆಸಿಕೊಂಡು ಹೆಬ್ಬೆಟ್ಟು ಒತ್ತಿದರು. ಹಣ ಮೂರು ಖಾತೆಗೆ ಹೋಯಿತು. ಕೈಲಾಸ್ ಎಲ್ಲರಿಗೂ ಮಸಾಲೆ ದೋಸೆ ಕೊಡಿಸಿದ. ಸೂತಕದ ವರ್ಷವೆಂದು ಮಂಗಮ್ಮ ಬರಿಯ ಕಾಫಿ ಕುಡಿದಳು.

ಮೊದಲು ಜಗಳವಾದದ್ದು ತೆಂಗಿನಕಾಯಿಗೆ. ಹಿತ್ತಿಲ ತೆಂಗಿನ ಮರದ ಕಾಯಿ ಕೀಳಿಸಲು ಮಂಗಮ್ಮ ಎಂದಿನಂತೆ ಮರ ಹತ್ತುವವನನ್ನು ಕರೆಸಿದಳು. ಕಾಯಿ ಕೆಳಗೆ ಬೀಳುವ ಹೊತ್ತಿಗೆ ಕೈಲಾಸನ ಮೇಸ್ತ್ರಿ ಕೆಂಪರಾಜು ಬಂದ.

"ಅಜ್ಜಿ, ಯಾರ್ ಕೇಳಿ ಕೀಳಿಸ್ತಿದ್ದೀರಾ?"

"ಯಾರನ್ನ ಕೇಳಬೇಕಪ್ಪಾ? ನಾನು ನೆಟ್ಟ ಮರ."

"ನೆಟ್ಟಿದ್ದು ನೀವು, ಸರಿ. ನೆಲ ಸಾಹೇಬ್ರದ್ದು. ಸಾಹೇಬ್ರದ್ದು ಅಂದ್ಮೇಲೆ ಮರಾನೂ ಅವರದ್ದೇ ಅಲ್ವಾ?"

"ಕಾಯಿ ಕಟ್ಟಿದ್ದು ಹೋದ ವರ್ಷ. ಆಗ ನಿಮ್ಮ ಸಾಹೇಬ್ರು ಎಲ್ಲಿದ್ರು?"

ಕೆಂಪರಾಜು ನಕ್ಕುಬಿಟ್ಟ. ಅರ್ಧ ಕಾಯಿ ಬಿಟ್ಟು ಅರ್ಧ ಹೊತ್ತುಕೊಂಡು ಹೋದ. ಸಿಕ್ಕ ಅರ್ಧದಲ್ಲಿ ಒಂದಿಷ್ಟನ್ನು ಮಂಗಮ್ಮ ಮಗಳಿಗೆ ಕಳಿಸಿದಳು. ಅದು ಸೌಮ್ಯಳ ಕಣ್ಣಿಗೆ ಬಿತ್ತು.

"ಪಾಲು ಇಸ್ಕೊಂಡಾಯ್ತು, ಇನ್ನು ಕಾಯೀಲೂ ಪಾಲಾ?" ಎಂದು ಅವಳು ಅಡಿಗೆಮನೆಯಿಂದಲೇ ಗಂಡನಿಗೆ ಕೇಳಿಸುವಂತೆ ಹೇಳಿದಳು.

"ನಿನ್ನ ತೌರಿಂದ ಬಂದಿದ್ದೇನಲ್ಲ ಕಣಮ್ಮ" ಎಂದಳು ಮಂಗಮ್ಮ.

"ನನ್ನ ತೌರಿಂದ ಬಂದಿದ್ದನ್ನ ನಾನು ಮಾರಿಲ್ಲ ಅತ್ತೆ."

ನಾಲ್ಕು ದಿನ ಬಿಟ್ಟು ರುಬ್ಬುವ ಒರಳಿನ ಜಗಳ ಬಂತು. ಅತ್ತೆಯ ಕಾಲದ ಒರಳು. ಹಿತ್ತಿಲಲ್ಲಿ ನೆಲಕ್ಕೆ ಹೂತಿತ್ತು. ಅದನ್ನು ಅಗೆದು ತರಲು ಹೋದ ನಂದಕುಮಾರ್ ಬರಿಗೈಯಲ್ಲಿ ವಾಪಸು ಬಂದ. ಗೋಡೆಗೆ ಒರಗಿಸಿದ್ದ ಬೀಸುವ ಕಲ್ಲನ್ನು ಮಾತ್ರ ಕೆಂಪರಾಜು ತಾನೇ ಹೊತ್ತು ತಂದುಕೊಟ್ಟು, "ಇದು ನಿಮ್ದು ಅಜ್ಜಿ, ಹೂತಿರಲಿಲ್ಲ" ಎಂದ.

ಆ ರಾತ್ರಿ ಹುರುಳಿ ಸಾರಿನ ಮುಂದೆ ಕುಳಿತು ಮಂಗಮ್ಮ ಕೇಳಿದಳು: "ನಂದ, ಹೂತಿದ್ದು ಅವರದ್ದು, ಹೂಳದೆ ಇದ್ದಿದ್ದು ನಮ್ದು ಅಂತಾನಲ್ಲ ಅವನು. ಹಂಗಾದ್ರೆ ಹಿರೀಕರು?"

"ಅದು ಒರಳು, ಇದು ದೇವರು. ಎರಡೂ ಒಂದೇನಾ?"

"ನೀನು ಹೇಳು, ಒಂದೇನಾ?"

"ಊಟ ಮಾಡವ್ವ" ಎಂದ ನಂದಕುಮಾರ್. ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದ. ಅವನು ಮುದ್ದೆ ಬಿಟ್ಟು ಎದ್ದದ್ದನ್ನು ಮಂಗಮ್ಮ, ಅವನ ಅಪ್ಪ ಸತ್ತ ದಿನ ಬಿಟ್ಟರೆ, ಬೇರೆ ನೋಡಿರಲಿಲ್ಲ.

ಭಾದ್ರಪದ ಹುಟ್ಟುವ ಮೊದಲೇ ಹಿತ್ತಿಲಿನ ಸುತ್ತ ನೀಲಿ ತಗಡು ಬಂತು. ಮನೆಯ ಹಿಂಬಾಗಿಲು ತೆರೆದರೆ ಮೂಗಿಗೆ ತಗಡು ತಾಗುವಂತಾಯಿತು. ಹಿಂದಿನ ರಸ್ತೆಯ ಕಡೆ ಗೇಟು ಹಾಕಿ ಬೀಗ ಜಡಿದರು. ಒಳಗೆ ದಿನವೆಲ್ಲ ಕಲ್ಲು ಕೊಯ್ಯುವ ಯಂತ್ರದ ಸದ್ದು. ಮಂಗಮ್ಮ ತಗಡಿನ ಸಂದಿಗೆ ಕಣ್ಣಿಟ್ಟು ನೋಡುವಳು. ಬೇವಿನ ತಲೆ ಕಾಣುತ್ತಿತ್ತು, ಬುಡ ಕಾಣುತ್ತಿರಲಿಲ್ಲ.

ಆ ವರ್ಷ ಮನೆಯಲ್ಲಿ ಗೌರಿ ಗಣೇಶ ಕೂರಿಸಲಿಲ್ಲ. ಆದರೂ ಅರ್ಪಿತ ಬಂದಳು. ಅಣ್ಣ ಕೊಟ್ಟ ಅರಿಸಿನ ಕುಂಕುಮ, ಸೀರೆ ತೆಗೆದುಕೊಂಡು, ತಾಯಿಯ ಪಕ್ಕ ನಡುಮನೆಯಲ್ಲಿ ಕುಳಿತಳು.

"ಅವ್ವ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅಣ್ಣ ಆ ಕೈಲಾಸ್ ಹತ್ರ ಬೇರೆ ಏನಾದ್ರೂ ಇಸ್ಕೊಂಡಿದ್ದಾನಾ?"

"ಯಾಕೆ ಹಂಗಂತೀಯಾ?"

"ಮೊದಲು ಆ ಮನುಷ್ಯ ಬ್ಯಾಂಕ್‌ನೋರು ಸಾಲ ಕೊಡ್ತಿಲ್ಲ, ಜಾಗ ಬೇಡ ಅಂತಿದ್ದ. ನೀನು ಆ ಸಾಲು ತೆಗೆಸಿದ ಮಾರನೇ ದಿನ ಬೇಕು ಅಂದ. ನನಗೆ ಅಣ್ಣಾನೇ ಫೋನಲ್ಲಿ ಹೇಳಿದ್ದು, 'ಅವ್ವನೇ ದಾರಿ ಮಾಡಿಕೊಟ್ಲು ಕಣೆ' ಅಂತ."

ಮಂಗಮ್ಮ ಮಗಳ ಮುಖವನ್ನೇ ನೋಡಿದಳು. "ಇದು ನಿನಗೆ ಆವಾಗ್ಲೇ ಗೊತ್ತಿತ್ತಾ?"

ಅರ್ಪಿತ ಸೀರೆಯ ಮಡಿಕೆ ನೇರ ಮಾಡತೊಡಗಿದಳು. "ನಂಗೇನು ಅರ್ಥ ಆಗ್ಲಿಲ್ಲವ್ವ."

"ಅರ್ಥ ಆಗ್ಲಿಲ್ಲ. ಚೆಕ್ಕು ಅರ್ಥ ಆಯ್ತು."

ಅರ್ಪಿತ ಊಟ ಮಾಡದೆ ಹೊರಟುಹೋದಳು. ಕೊಟ್ಟ ಸೀರೆಯನ್ನು ಮಾತ್ರ ಬಿಟ್ಟುಹೋಗಲಿಲ್ಲ ಎಂದು ಸೌಮ್ಯ ಗಮನಿಸಿದಳು.

ಮಾರನೆಯ ದಿನ ಬೆಳಗ್ಗೆ ಮಂಗಮ್ಮ ಮೊಮ್ಮಗಳನ್ನು ಕರೆದುಕೊಂಡು ಆಟೋ ಹತ್ತಿದಳು. ಬನಶಂಕರಮ್ಮನ ಗುಡಿಗೆ ಎಂದು ಮನೆಯಲ್ಲಿ ಹೇಳಿದ್ದಳು. ಗುಡಿಗೆ ಹೋಗಿ ನಿಂಬೆಹಣ್ಣಿನ ದೀಪ ಹಚ್ಚಿ, ಅಲ್ಲಿಂದ ಜಯನಗರಕ್ಕೆ, ಸೇತುರಾಮ ವಕೀಲರ ಮನೆಗೆ ಹೋದಳು. ದೇವರ ಹೆಸರಿನಲ್ಲಿ ಸುಳ್ಳು ಹೇಳಿದ ಹಾಗಾಗಬಾರದು ಎಂಬುದು ಅವಳ ಲೆಕ್ಕ.

ವಕೀಲರ ಹೆಂಡತಿ ಸರಸ್ವತಿ ಕಾಫಿ ತಂದಿಟ್ಟರು. ವಕೀಲರು ಕನ್ನಡಕ ಒರೆಸಿಕೊಂಡು ಎಲ್ಲ ಕೇಳಿದರು.

"ನೆಲ ಮಾರಿದರೆ ಬರಿಯ ನೆಲ ಹೋಗೋದಿಲ್ಲಮ್ಮ" ಎಂದರು. "ನೆಲಕ್ಕೆ ಬೇರು ಬಿಟ್ಟದ್ದು, ಹೂತದ್ದು, ಕಟ್ಟಿದ್ದು ಎಲ್ಲ ಜೊತೆಗೇ ಹೋಗುತ್ತೆ. ಬಾವಿ ಇದ್ದರೆ ನೀರು, ಮರ ಇದ್ದರೆ ಹಣ್ಣು. ಪತ್ರದಲ್ಲಿ ಜಲ, ತರು, ಪಾಷಾಣ ಅಂತ ಇತ್ತಲ್ಲ. ನೀರು, ಮರ, ಕಲ್ಲು ಅಂತಲೇ ಅರ್ಥ. ಇದು ಬೇಡ, ಇದು ನಮಗಿರಲಿ ಅನ್ನೋದನ್ನ ಬಾಯಿಬಿಟ್ಟು ಬರೆದು ಉಳಿಸಿಕೊಳ್ಳಬೇಕು. ಬರೀದೆ ಹೋದರೆ ಕೊಟ್ಟ ಹಾಗೆ."

"ಎತ್ಕೊಂಡು ಹೋಗೋವಂಥಾದ್ದು?"

"ಅದು ನಿಮ್ಮದು. ಮಂಚ, ಪಾತ್ರೆ, ಒರಗಿಸಿಟ್ಟ ಕಲ್ಲು, ಇಂಥವು ನೆಲದ ಜೊತೆ ಹೋಗೋಲ್ಲ."

ಮಂಗಮ್ಮ ಲೋಟ ಕೆಳಗಿಟ್ಟಳು. "ಸ್ವಾಮಿ, ಆ ಸಾಲು ತೆಗೀಬೇಡಿ ಅಂತ ನೀವು ನಂಗೊಂದು ಮಾತು ಹೇಳಬಾರದಾಗಿತ್ತಾ?"

"ನಿಮ್ಮ ಮಗನಿಗೆ ಹೇಳಿದೆನಲ್ಲಮ್ಮ. ಇಲ್ಲೇ, ಈ ಕುರ್ಚಿಯಲ್ಲಿ ಕೂತಿದ್ದ. 'ಇದು ತೆಗೆದರೆ ನಿಮ್ಮ ಹಿರೀಕರೂ ಮಾರಾಟವಾದ ಹಾಗೆ, ತಾಯಿಗೆ ಬಿಡಿಸಿ ಹೇಳು, ಆಮೇಲೆ ಬಾ' ಅಂದೆ. 'ಹೇಳಿದೆ, ಒಪ್ಪಿದಾರೆ' ಅಂತ ಮೂರು ದಿನ ಬಿಟ್ಟು ಬಂದ."

ಬಿಂದುಶ್ರೀ ಅಜ್ಜಿಯ ಕೈ ಹಿಡಿದುಕೊಂಡಳು. ಮಂಗಮ್ಮ ಕೈ ಬಿಡಿಸಿಕೊಂಡು ಸೆರಗು ಹೊದ್ದಳು. "ಈಗ ತಿದ್ದಕ್ಕಾಗಲ್ವಾ?"

"ತಿದ್ದುಪಡಿ ಪತ್ರ ಮಾಡಬಹುದು. ಇಬ್ಬರೂ ಒಪ್ಪಿ ಸಹಿ ಹಾಕಬೇಕು. ಕೊಂಡವರು ಯಾಕೆ ಒಪ್ಪುತ್ತಾರೆ?"

ಅಂದು ರಾತ್ರಿ ಊಟಕ್ಕೆ ಮಂಗಮ್ಮ ತಾನೇ ಬಡಿಸಿದಳು. ಮಗನ ತಟ್ಟೆಗೆ ಮುದ್ದೆ ಹಾಕಿ, ಬಸ್ಸಾರು ಬಿಟ್ಟು, ಎದುರಿಗೆ ಕುಳಿತಳು.

"ವಕೀಲರ ಮನೆಗೆ ಹೋಗಿದ್ದೆ."

ನಂದಕುಮಾರ್ ಮಗಳ ಕಡೆ ತಿರುಗಿದ. "ಗುಡಿಗೆ ಅಂತ ಹೇಳಿದ್ರಿ?"

"ಗುಡಿಗೂ ಹೋಗಿದ್ವಿ ಅಪ್ಪಾ."

"ಅವಳನ್ನೇನು ಕೇಳ್ತೀಯ? ನನ್ನ ಕೇಳು. ವಕೀಲರು ನಿಂಗೆ ಹೇಳಿದ್ರಾ, ಇಲ್ವಾ?"

"ಹೇಳಿದ್ರು."

"ನಂಗೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಮಾರೋಕೆ ಬಿಡ್ತಿದ್ಯಾ? ಸಾಲು ಇದ್ರೆ ಬ್ಯಾಂಕು ಒಪ್ಪಲ್ಲ, ಅವನು ಬಿಟ್ಟು ಹೋಗ್ತಿದ್ದ. ಅರ್ಪಿತ ಕೋರ್ಟಿಗೆ ಹೋಗ್ತೀನಿ ಅಂತಿದ್ಲು. ನಾನೇನೂ ಅಳಿಸಲಿಲ್ಲವ್ವ. ಅಳಿಸು ಅಂದೋಳು ನೀನು. ನಾನು ಸುಮ್ನಿದ್ದೆ, ಅಷ್ಟೆ."

"ಸುಮ್ನಿದ್ದೆ."

"ಹೂಂ. ಸುಮ್ನಿದ್ದೆ."

ಸೌಮ್ಯ ಬಾಗಿಲಲ್ಲಿ ನಿಂತಿದ್ದವಳು ತಡೆಯಲಾರದೆ, "ನನಗಾದ್ರೂ ಹೇಳಬೇಕಿತ್ತು ರೀ. ನಾಳೆ ನಮ್ಮ ಕಲ್ಲು ಎಲ್ಲಿಡ್ತಾರೆ?" ಎಂದಳು. ಅತ್ತೆಯ ಪರವಾಗಿ ಅವಳು ಮಾತಾಡಿದ್ದು ಮದುವೆಯಾದ ಮೇಲೆ ಅದೇ ಮೊದಲು. ಮಂಗಮ್ಮನಿಗೆ ಅದರ ಮೇಲೂ ಅನುಮಾನ ಬಂತು.

"ಉಣ್ಣು" ಎಂದಳು ಮಗನಿಗೆ. "ಬಿಡಬೇಡ. ಅನ್ನಕ್ಕೆ ಅವಮಾನ ಮಾಡಬೇಡ."

ಆ ದಿನದಿಂದ ಮಂಗಮ್ಮ ಮನೆಯ ಬೀರುವಿನ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮೇಲಿನ ಬಾಡಿಗೆಯವರಿಗೆ, ಇನ್ನು ಮುಂದೆ ಬಾಡಿಗೆಯನ್ನು ತನ್ನ ಕೈಯಲ್ಲೇ ಕೊಡಬೇಕೆಂದು ಹೇಳಿದಳು. ಮಗ ಯಾವ ಕಾಗದ ತಂದರೂ ಬಿಂದುಶ್ರೀ ಎರಡು ಸಲ ಓದುವವರೆಗೆ ಮುಟ್ಟುತ್ತಿರಲಿಲ್ಲ. ಒಮ್ಮೆ ಗ್ಯಾಸಿನ ರಸೀದಿಯನ್ನೂ ಓದಿಸಿದಳು.

ಪಿತೃಪಕ್ಷ ಹುಟ್ಟಿತು. ಅಮಾವಾಸ್ಯೆಗೆ ವಾರವಿದ್ದಾಗ ನಂದಕುಮಾರ್ ಕೈಲಾಸನನ್ನು ಮನೆಗೆ ಕರೆತಂದ.

"ಅಮ್ಮಾ, ಏನು ನನ್ನ ಮೇಲೆ ಕೋಪ ಅಂತೆ?" ಕೈಲಾಸ್ ಮಂಗಮ್ಮನ ಕಾಲಿಗೆ ಬಗ್ಗಿದ. "ನಾನು ಕಲ್ಲು ಕಿತ್ತು ಹಾಕಿದ್ದೀನಿ ಅಂತ ಯಾರೋ ಹೇಳಿದ್ರಂತೆ. ನನಗೂ ಮಕ್ಕಳಿದಾರಮ್ಮ. ನೀವೇ ಬಂದು ನೋಡಿ, ಎಷ್ಟು ಚೆನ್ನಾಗಿ ಇಟ್ಟಿದ್ದೀನಿ."

"ನೋಡೋಕಲ್ಲ. ಅಮಾವಾಸ್ಯೆ ದಿನ ಎಡೆ ಇಡಬೇಕು. ಯಜಮಾನ್ರನ್ನ ಸೇರಿಸಬೇಕು."

"ಧಾರಾಳವಾಗಿ ಬನ್ನಿ! ಒಂದೇ ಒಂದು ಫಾರ್ಮಾಲಿಟಿ ಇದೆ." ಅವನು ಜೇಬಿನಿಂದ ಒಂದು ಹಾಳೆ ತೆಗೆದ. "ನಮ್ಮ ಲಾಯರ್ರು ಹೇಳಿದ್ದು. ವರ್ಷಾನುಗಟ್ಟಲೆ ಸುಮ್ನೆ ಒಳಗೆ ಬಿಟ್ರೆ ನಾಳೆ ಅದೇ ಹಕ್ಕಾಗುತ್ತಂತೆ. ಅದಕ್ಕೆ, ನನ್ನ ಪರ್ಮಿಶನ್ ತಗೊಂಡು ಬರ್ತಿದ್ದೀವಿ ಅಂತ ಎರಡು ಲೈನು."

ಬಿಂದುಶ್ರೀ ಓದಿದಳು. ಸದರಿ ಸ್ವತ್ತಿನಲ್ಲಿರುವ ದೇವರ ಮೇಲಾಗಲಿ, ಕಲ್ಲುಗಳ ಮೇಲಾಗಲಿ, ಮರದ ಮೇಲಾಗಲಿ ತಮಗೆ ಯಾವ ಹಕ್ಕೂ ಇಲ್ಲವೆಂದೂ, ಮಾಲೀಕರ ಅನುಮತಿಯಿಂದ ಮಾತ್ರ ಒಳಗೆ ಬರುವುದಾಗಿಯೂ ಅದರಲ್ಲಿ ಬರೆದಿತ್ತು.

"ಅಜ್ಜಿ, ಹಾಕಬೇಡ."

"ಹಾಕದೆ ಇದ್ರೆ?" ಮಂಗಮ್ಮ ಕೈಲಾಸನನ್ನು ಕೇಳಿದಳು.

ಕೈಲಾಸ್ ಕೈ ಮುಗಿದ. "ನಾನೇನ್ ಮಾಡ್ಲಿ ಅಮ್ಮಾ? ಸಾಲ ಬ್ಯಾಂಕಿಂದು."

ದೇವರ ಗೂಡಿನ ಕೆಳಗೆ ಹಿತ್ತಾಳೆ ತಟ್ಟೆಯಲ್ಲಿ ಕಲ್ಲು ಇತ್ತು. ಬೆಳಗಿನ ಕಣಗಿಲೆ ಅದರ ಮೇಲೆ ಬಾಡಿತ್ತು. ಮಂಗಮ್ಮ ಅದರ ಕಡೆ ಒಮ್ಮೆ ನೋಡಿ, ಪೆನ್ನು ತೆಗೆದುಕೊಂಡು, ನಾಲ್ಕನೆಯ ತರಗತಿಯಲ್ಲಿ ಕಲಿತ ದುಂಡನೆಯ ಅಕ್ಷರದಲ್ಲಿ ತನ್ನ ಹೆಸರು ಬರೆದಳು. ಹಿರೀಕರ ಹೆಸರು ಕಾಗದಕ್ಕೆ ಬರಬಾರದೆಂದಿದ್ದವಳು ಅವರ ಮೇಲೆ ಹಕ್ಕಿಲ್ಲವೆಂದು ಬರೆದುಕೊಟ್ಟಳು.

ಅಮಾವಾಸ್ಯೆಯ ದಿನ ಸೌಮ್ಯ ಕತ್ತಲಿರುವಾಗಲೇ ಎದ್ದು ಕಜ್ಜಾಯ ಕರಿದಳು. ವಡೆ, ಪಾಯಸ, ಕೋಳಿ ಸಾರು, ಮುದ್ದೆ ಎಲ್ಲ ಆಯಿತು. ಹೊಸ ಪಂಚೆ, ಯಜಮಾನರ ನಶ್ಯದ ಡಬ್ಬಿ ತಟ್ಟೆಗೆ ಬಂದವು. ಅರ್ಪಿತಳೂ ಬಂದಳು, ಯಾರೂ ಕರೆದಿರಲಿಲ್ಲ, ಯಾರೂ ಬೇಡವೆನ್ನಲಿಲ್ಲ. ಮೊದಲಾಗಿದ್ದರೆ ಹಿಂಬಾಗಿಲು ದಾಟಿದರೆ ಆಗುತ್ತಿತ್ತು. ಈಗ ಬೀದಿ ಸುತ್ತಿ, ಹೂವಿನ ಅಂಗಡಿ, ಮಾಂಸದ ಅಂಗಡಿಯ ಸಾಲು ದಾಟಿ, ಎಡೆ ಹೊತ್ತುಕೊಂಡು ಹಿಂದಿನ ರಸ್ತೆಗೆ ಬಂದರು. ಕಲ್ಲನ್ನು ಮಂಗಮ್ಮ ತನ್ನ ಮಡಿಲಲ್ಲಿ ಕಟ್ಟಿಕೊಂಡಿದ್ದಳು.

ಕೆಂಪರಾಜು ಬೀಗ ತೆಗೆದ. ಮನೆಯವರು ಒಳಗೆ ಹೋಗಿ ಹಾಗೆಯೇ ನಿಂತರು.

ಬೇವಿನ ಬುಡಕ್ಕೆ ಕರಿಯ ಗ್ರಾನೈಟಿನ ಕಟ್ಟೆ ಕಟ್ಟಿತ್ತು. ಸಾಲಿನ ಕಲ್ಲುಗಳನ್ನೆಲ್ಲ ಅದರಲ್ಲಿ ಸಿಮೆಂಟು ಹಾಕಿ ಕೂರಿಸಿತ್ತು. ಒಂದೊಂದಕ್ಕೂ ಅರಿಸಿನ ಬಣ್ಣ, ಬೆಳ್ಳಿಯ ಕಣ್ಣು. ನಡುವಿನ ದೊಡ್ಡ ಕಲ್ಲಿಗೆ ಹುರಿಮೀಸೆ ಬರೆದು, ಪಕ್ಕದಲ್ಲಿ ತ್ರಿಶೂಲ ನೆಟ್ಟಿತ್ತು. ರಸ್ತೆಯ ಕಡೆಗೆ ಒಂದು ಹುಂಡಿ. ಮೇಲೆ ಕಮಾನಿನಲ್ಲಿ, ಶ್ರೀ ಮುನೇಶ್ವರ ಸ್ವಾಮಿ ಪ್ರಸನ್ನ.

"ಹೆಂಗಿದೆ ಅಮ್ಮಾ?" ಎಂದ ಕೈಲಾಸ್. ಅವನ ಹೆಂಡತಿ ಮಕ್ಕಳೂ ರೇಷ್ಮೆ ಉಟ್ಟು ಬಂದಿದ್ದರು. "ಪೂಜಾರಿ ಇಟ್ಟಿದ್ದೀನಿ, ದಿನಾ ಪೂಜೆ. ಇವರು ಬಂದ ಮೇಲೆ ನನಗೆ ಎಲ್ಲಾ ಒಳ್ಳೇದೇ ಆಗ್ತಿದೆ. ಈಗ ಇವರು ನಮ್ಮ ಮನೆದೇವರೇ ಆಗ್ಬಿಟ್ರು."

ಬಿಂದುಶ್ರೀ ಮೆಲ್ಲನೆ, "ಅಜ್ಜಿ, ಮೀಸೆ ಇರೋ ಕಲ್ಲು ಯಾರ್ದು?" ಎಂದಳು.

"ನಮ್ಮತ್ತೇದು" ಎಂದಳು ಮಂಗಮ್ಮ.

ಅರ್ಪಿತಳಿಗೆ ನಗು ಬಂದು, ಸೆರಗು ಬಾಯಿಗೆ ಒತ್ತಿಕೊಂಡು, ಆಮೇಲೆ ಅತ್ತಳು. ನಂದಕುಮಾರ್ ತಲೆ ತಗ್ಗಿಸಿ ನಿಂತಿದ್ದ.

ಕೈಲಾಸ್ ಸಾಲಿನ ಕೊನೆಯಲ್ಲಿ ಒಂದು ಗುಳಿ ತೋರಿಸಿದ. "ಯಜಮಾನ್ರಿಗೆ ಜಾಗ ಬಿಡಿಸಿದ್ದೀನಿ. ಸಿಮೆಂಟು ಕಲಸಿ ರೆಡಿ ಇದೆ. ಇಡಿ ಅಮ್ಮಾ, ಇವತ್ತೇ ಕಣ್ಣೂ ಅಂಟಿಸಿಬಿಡೋಣ."

ಮಂಗಮ್ಮ ಎಡೆ ಇಟ್ಟಳು. ಕಜ್ಜಾಯ, ವಡೆ, ಮುದ್ದೆ, ಸಾರು, ಒಂದೊಂದನ್ನೂ ಬಾಳೆಲೆಯಲ್ಲಿ ಅದರದರ ಜಾಗದಲ್ಲಿಟ್ಟು ದೀಪ ಹಚ್ಚಿದಳು. ಮಾವನ ಹೆಸರು, ಅತ್ತೆಯ ಹೆಸರು, ಅವರ ಹಿಂದಿನವರ ಹೆಸರು ಹೇಳಿ, ಅಡ್ಡಬಿದ್ದಳು. ಬೆಳ್ಳಿಯ ಕಣ್ಣುಗಳು ಅವಳ ತಲೆಯ ಮೇಲಿಂದ ಕೈಲಾಸನ ಗೇಟನ್ನು ನೋಡುತ್ತಿದ್ದವು. ಎದ್ದವಳು ಮಡಿಲನ್ನು ಬಿಚ್ಚಲಿಲ್ಲ.

"ಅವ್ವ, ಕಲ್ಲು" ಎಂದ ನಂದಕುಮಾರ್.

"ಮನೆಗೆ ನಡೀರಿ."

"ಅವ್ವ, ಇವತ್ತು ಬಿಟ್ರೆ ಅಪ್ಪ ಸೇರಲ್ಲ. ಇನ್ನೊಂದು ವರ್ಷ ದಾರೀಲೇ..."

"ಇರ್ಲಿ. ಮಾರಿದ ದಿನ ಇವರು ಇಲ್ಲಿರ್ಲಿಲ್ಲ. ಇವರು ಆ ಕಾಗದಕ್ಕೆ ಸೇರಿಲ್ಲ." ಅವಳು ಮಡಿಲನ್ನು ಎರಡು ಕೈಯಲ್ಲಿ ಹಿಡಿದುಕೊಂಡಳು. "ಇಲ್ಲಿ ಇಟ್ರೆ ನಾಳೆಯಿಂದ ಇವರಿಗೂ ಅನುಮತಿ ಕೇಳಬೇಕು."

ಕೈಲಾಸ್ ಏನೋ ಹೇಳಬಂದ. ಮಂಗಮ್ಮ ಅವನ ಮಕ್ಕಳ ತಲೆ ಮುಟ್ಟಿ, ತಲೆಗೊಂದು ಕಜ್ಜಾಯ ಕೊಟ್ಟು ಹೊರಟಳು. ಹಿರೀಕರ ಮುಂದೆ ಯಾರನ್ನೂ ಶಪಿಸಬಾರದು.

ಮರುದಿನ ಬೆಳಗ್ಗೆ ನಂದಕುಮಾರ್ ಅಂಗಡಿಗೆ ಹೋಗಲಿಲ್ಲ. ಮನೆಯ ಮುಂದೆ, ತುಳಸಿಯ ಪಕ್ಕದಲ್ಲಿ ಒಂದಿಷ್ಟು ಮಣ್ಣಿನ ಜಾಗವಿತ್ತು. ಅಲ್ಲಿ ನಾಲ್ಕು ಇಟ್ಟಿಗೆ ಜೋಡಿಸಿ, ಸಿಮೆಂಟಿನ ಚೀಲ ಬಿಚ್ಚಿ, ಬಕೆಟ್ಟಿನಲ್ಲಿ ನೀರು ತಂದಿಟ್ಟುಕೊಂಡು, ತಾಯಿಯನ್ನು ಕರೆದ.

"ಅವ್ವ, ಅಪ್ಪನ್ನ ಇಲ್ಲೇ ಕೂರಿಸೋಣ. ಗಟ್ಟಿಯಾಗಿ ಕಟ್ತೀನಿ. ಮುಂದೆ ನಮ್ಮೆಲ್ಲರದ್ದೂ ಇಲ್ಲೇ ಸಾಲಾಗಲಿ."

ಮಂಗಮ್ಮ ಕಲ್ಲು ತಂದಳು. ಇಟ್ಟಿಗೆಯ ಮೇಲೆ ಹಿತ್ತಾಳೆ ತಟ್ಟೆ ಇಟ್ಟು, ಅದರಲ್ಲಿ ಕಲ್ಲನ್ನು ಇಟ್ಟಳು. ಮಗ ಕರಣೆ ಎತ್ತಿಕೊಂಡ.

"ಸಿಮೆಂಟು ಬೇಡ."

"ಗಾಳಿಗೆ, ಮಳೆಗೆ ಉರುಳುತ್ತೆ."

"ಉರುಳಿದ್ರೆ ಎತ್ತಿಡ್ತೀನಿ. ನೆಲಕ್ಕೆ ಅಂಟಿಸಬೇಡ. ನಾಳೆ ಈ ಮನೇನೂ ಮಾರ್ತೀಯ."

"ಮಾರಲ್ಲವ್ವ. ನಿನ್ನಾಣೆ."

"ಹೊಲ ಮಾರುವಾಗ ನಿಮ್ಮಪ್ಪನೂ ಹಿಂಗೇ ಆಣೆ ಹಾಕಿದ್ರು, ಹಿತ್ತಿಲು ಮಾರಲ್ಲ ಅಂತ. ಮಾರುವಾಗ ಎತ್ಕೊಂಡು ಹೋಗೋ ಹಂಗಿರಲಿ. ನಾನು ಹೋದ್ಮೇಲೆ ನನ್ನದನ್ನೂ ಹಿಂಗೇ ಪಕ್ಕಕ್ಕೆ ಇಡು. ಹೂಳಬೇಡ."

ನಂದಕುಮಾರ್ ಕರಣೆ ಕೆಳಗಿಟ್ಟ. ಆಮೇಲೆ ಚೀಲದ ಬಾಯಿ ಕಟ್ಟಿ ಮೆಟ್ಟಿಲ ಕೆಳಗಿಟ್ಟ. ಮೇಲಿನ ಬಾಡಿಗೆಯವರ ಬಚ್ಚಲು ಸೋರುತ್ತಿತ್ತು. ಆ ಸಿಮೆಂಟು ಅದಕ್ಕೆ ಉಪಯೋಗವಾಯಿತು.

ಸಂಜೆ ಮಂಗಮ್ಮ ತುಳಸಿಗೆ ದೀಪ ಹಚ್ಚಿ, ಕಲ್ಲಿಗೆ ಹೂ ಇಟ್ಟಳು. ಒಳಗೆ ಹೋಗುವ ಮುಂಚೆ ಅತ್ತಿತ್ತ ನೋಡಿ, ಎರಡು ಕೈಯಲ್ಲೂ ಅದನ್ನು ಒಂದು ಸಲ ಮೇಲಕ್ಕೆತ್ತಿ ನೋಡಿದಳು. ಸಲೀಸಾಗಿ ಬಂತು. ಮತ್ತೆ ಅಲ್ಲೇ ಇಟ್ಟಳು. ಈಗ ದಿನವೂ ಹಾಗೆಯೇ ಮಾಡುತ್ತಾಳೆ.